ಖಾಲಿ ಹುದ್ದೆಯ ಹೆಲ್ಮೆಟ್

ನಾನು ಅಗ್ನಿಶಾಮಕ ಗಾಡಿ ಓಡಿಸುತ್ತಿದ್ದಾಗ ಅವರು ನಮ್ಮ ಠಾಣಾಧಿಕಾರಿ. ಸರ್ಕಾರದ ಅನುದಾನದಲ್ಲಿ ಎಂಟು ಹೊಸ ಹೆಲ್ಮೆಟ್ ಬಂದವು. ಮಂಜೂರಾದ ಹುದ್ದೆಗಳೂ ಎಂಟು. ಇದ್ದವರು ಮಾತ್ರ ನಾವು ನಾಲ್ವರು. ಉಳಿದ ನಾಲ್ಕನ್ನು ಬೀರುವಿಗೆ ಸೇರಿಸಲು ಅವರು ಒಪ್ಪಲಿಲ್ಲ. ಗೂಟಕ್ಕೆ ನೇತುಹಾಕಿ, ದಿನಾ ಬೆಳಿಗ್ಗೆ ತಮ್ಮ ಕರವಸ್ತ್ರದಿಂದಲೇ ಒರೆಸುತ್ತಿದ್ದರು. ಯಾರಿಗೆ ಸಾರ್ ಇವು ಎಂದು ಕೇಳಿದರೆ, “ಬರ್ತಾರೆ, ಇರ್ರಿ” ಎನ್ನುತ್ತಿದ್ದರು. ನಮಗೆ ಒಳಗೊಳಗೇ ನಗು.

ಒಂದು ಮಧ್ಯಾಹ್ನ ಜವನಗೊಂಡನಹಳ್ಳಿಯ ಆಚೆ ಕುರಿಯ ಕೊಟ್ಟಿಗೆಗೆ ಬೆಂಕಿ ಬಿತ್ತು. ಹೊರಡುವಾಗ ಅವರು ಆ ನಾಲ್ಕನ್ನೂ ಗಾಡಿಗೆ ಹಾಕಿಕೊಂಡರು. ನಾವು ತಲುಪಿದಾಗ ನಾಲ್ವರು ಕುರಿಗಾರರು ಬರಿತಲೆಯಲ್ಲೇ ಒಳಗೆ ನುಗ್ಗುತ್ತಿದ್ದರು. ತಡೆದರೆ ನಿಲ್ಲುವವರಲ್ಲ. “ಇದನ್ನ ಹಾಕ್ಕಳ್ರಿ, ಆಮೇಲೆ ಹೋಗಾಣ” ಎಂದು ಠಾಣಾಧಿಕಾರಿಯೇ ಆ ನಾಲ್ವರ ತಲೆಗೂ ತೊಡಿಸಿ ಪಟ್ಟಿ ಬಿಗಿದರು. ಒಳಗೆ ಉರಿಯುವ ತೊಲೆಯೊಂದು ಮುರಿದು ಅವರಲ್ಲೊಬ್ಬನ ನೆತ್ತಿಯ ಮೇಲೇ ಬಿತ್ತು. ಹೆಲ್ಮೆಟ್ ಸೀಳಿಹೋಯಿತು.

ತಪಾಸಣೆಗೆ ಬಂದ ಮೇಲಧಿಕಾರಿ ಅದನ್ನು ತಿರುಗಿಸಿ ನೋಡಿ, “ಹುದ್ದೆ ಖಾಲಿ ಐತೆ, ಹೆಲ್ಮೆಟ್ ಹೆಂಗ್ರೀ ಒಡೀತು?” ಎಂದರು.

ನಮ್ಮ ಠಾಣಾಧಿಕಾರಿ ಕರವಸ್ತ್ರ ಮಡಚುತ್ತಾ ಹೇಳಿದರು: “ಅವತ್ತೊಬ್ರು ಬಂದಿದ್ರು ಸಾರ್. ಕುರಿ ಕಾಯೋರು. ಉಳ್ಕಂಡ್ರು.”