ಕಾಳು ಕಚ್ಚುವ ಗುತ್ತೆಪ್ಪ

ಕಟ್.

ಹಿರೇಕೆರೂರಿನ ಸಂತೆಯ ದಿನ ಕುಬೇರಪ್ಪನ ದಲಾಲಿ ಅಂಗಡಿಯ ಮುಂದೆ ಆ ಸದ್ದು ನೂರಾರು ಸಲ ಕೇಳುತ್ತಿತ್ತು. ಗುತ್ತೆಪ್ಪ ಚೀಲದೊಳಗೆ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಗೋವಿನಜೋಳದ ಕಾಳು ತೆಗೆದು ದವಡೆಯಲ್ಲಿಟ್ಟು ಕಚ್ಚುತ್ತಿದ್ದ. ಒಣಗಿದ ಕಾಳು ಕಟ್ಟೆಂದು ಎರಡಾಗುತ್ತಿತ್ತು. ಹಸಿಯಿದ್ದದ್ದು ಸದ್ದಿಲ್ಲದೆ ಚಪ್ಪಟೆಯಾಗುತ್ತಿತ್ತು. ಅವನ ಹಲ್ಲು ಹೇಳಿದ್ದಕ್ಕೆ ಮಾರುವ ರೈತನೂ ಕೊಳ್ಳುವ ವ್ಯಾಪಾರಿಯೂ ಎದುರಾಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಮಾಡಿದ ಕೆಲಸ ಇದೊಂದೇ.

೧೯೮೩ರ ಸುಗ್ಗಿಯಲ್ಲಿ ಪೇರಿಸಿಟ್ಟ ಚೀಲಗಳು ಜಾರಿ ಅವನ ಮೇಲೆ ಬಿದ್ದವು. ಕೆಳದವಡೆ ಮುರಿಯಿತು. ಹಾನಗಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರು ಶಸ್ತ್ರಚಿಕಿತ್ಸೆ ಮಾಡಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದರು. ಆರು ವಾರ ಗುತ್ತೆಪ್ಪ ಗಂಜಿ ಹೀರಿಕೊಂಡಿದ್ದ.

ತಂತಿ ಬಿಚ್ಚುವ ಮೊದಲೇ ಕುಬೇರಪ್ಪ ಅವಸರ ಮಾಡಿದ. ಸಂತೆಯ ಹತ್ತು ಮಂದಿಯನ್ನು ಟ್ರ್ಯಾಕ್ಟರಿನಲ್ಲಿ ಹಾನಗಲ್ಲಿಗೆ ಕರೆದೊಯ್ದು, ದವಡೆ ಉಳಿಸಿದರೆಂದು ಡಾಕ್ಟರಿಗೆ ಶಾಲು ಹೊದಿಸಿ ಸನ್ಮಾನ ಮಾಡಿಸಿದ. ಹಾರ ಹಾಕಿದವನು ಗುತ್ತೆಪ್ಪನೇ. ಎರಡು ಮಾತಾಡಲಿ ಎಂದು ಯಾರೋ ಅಂದರು. ಬಾಯಿ ಕಟ್ಟಿತ್ತು. ಅವನು ಕೈಮುಗಿದ.

ತಂತಿ ಬಿಚ್ಚಿದಾಗ ದವಡೆ ಎಡಕ್ಕೆ ಸರಿದಿತ್ತು. ಹಲ್ಲಿಗೆ ಹಲ್ಲು ಕೂಡಲಿಲ್ಲ. ಕಚ್ಚಿದ ಕಾಳು ಜಾರಿ ನಾಲಿಗೆಯ ಮೇಲೆ ಇಡಿಯಾಗಿ ಕೂತಿರುತ್ತಿತ್ತು. 'ರೂಢಿ ಆಗ್ತದ' ಎಂದರು ಡಾಕ್ಟರು. ಎರಡು ತಿಂಗಳಾದರೂ ಆಗಲಿಲ್ಲ. ರೈತರು ತಮ್ಮ ಕಾಳನ್ನು ತಾವೇ ಕಚ್ಚಿ ನೋಡತೊಡಗಿದರು. ಗುತ್ತೆಪ್ಪ ಪಕ್ಕದಲ್ಲಿ ನಿಂತಿರುತ್ತಿದ್ದ.

ಸವಣೂರಿನ ಹಲ್ಲಿನ ಡಾಕ್ಟರ್ ಮಹಮ್ಮದಗೌಸ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

"ಎಲುಬು ಸೊಟ್ಟ ಕೂಡೇತ್ರಿ. ದಾವಣಗೆರಿಯೊಳಗ ತಿರುಗಿ ಕೂಡಸ್ತಾರ. ತಡಾ ಮಾಡಬ್ಯಾಡ್ರಿ, ಗಟ್ಟಿ ಆದಷ್ಟೂ ತ್ರಾಸು. ಮೊದಲಿನ ಎಕ್ಸ್‌ರೇ, ಕೇಸ್ ಪೇಪರ್ ಇಸಗೊಂಡು ಹೋಗ್ರಿ."

"ಹಾನಗಲ್ಲಿನ ಡಾಕ್ಟರನ್ನ ಹೆಂಗ ಕೇಳ್ಲಿರಿ?"

"ದವಡಿ ಯಾರದು?"

"ನಂದರಿ."

"ಮತ್ತ ಅದರ ಫೋಟೋನೂ ನಿಮ್ಮದ. ಜಗಳಾ ಬ್ಯಾಡ. ಕೇಳ್ರಿ, ಕೊಡೂತನಕ ಕುಂದರ್ರಿ."

ಸುದ್ದಿ ಕೇಳಿ ಕುಬೇರಪ್ಪ ಸಿಟ್ಟಾದ. "ಶಾಲು ಹೊಚ್ಚಿ ಬಂದು ಈಗ ತಕರಾರು ಹೇಳಾಕ ಹೊಂಟೀಯೇನಲೇ? ನಮ್ಮ ಮಾರಿ ಎಲ್ಲಿ ಇಡೂದು?"

"ಶಾಲು ಅವರ ಹಂತ್ಯಾಕ ಇರ್ಲಿ ಬಿಡ್ರಿ ಸಾವಕಾರ್ರ. ಅದನ್ನೇನು ವಾಪಸ್ ಕೇಳಾಕ ಹೊಂಟಿಲ್ಲ ನಾ."

ಮರುದಿನ ಗುತ್ತೆಪ್ಪ ಹಾನಗಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕೂತ. ಉಳಿದ ರೋಗಿಗಳೆಲ್ಲ ಹೋದ ಮೇಲೆ ಡಾಕ್ಟರು ಒಳಗೆ ಕರೆದರು.

"ಏನಪಾ ಗುತ್ತೆಪ್ಪ?"

"ಎಕ್ಸ್‌ರೇ ಬೇಕಾಗಿತ್ರಿ. ಕೇಸ್ ಪೇಪರೂ."

ಡಾಕ್ಟರ ಮುಖ ಸಣ್ಣದಾಯಿತು. "ಕೋರ್ಟಿಗೆ ಹೊಂಟೀಯೇನು?"

"ದಾವಣಗೆರಿಗೆ ಹೊಂಟೇನ್ರಿ. ತಿರುಗಿ ಕೂಡಿಸಾಕ."

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ತಾವೇ ಎದ್ದು ಕಪಾಟಿನಿಂದ ದೊಡ್ಡ ಲಕೋಟೆ ತೆಗೆದರು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತುಸು ಹೆಚ್ಚೇ ಹೊತ್ತು ನೋಡಿದರು. ಮತ್ತೆ ಒಳಗಿಟ್ಟು ಅವನ ಕೈಗೆ ಕೊಟ್ಟರು.

"ನೋಡು, ಎರಡು ಕಡೆ ಮುರದಿತ್ತು. ನಾ ಮಾಡೂದು ಮಾಡೇನಿ. ಇನ್ನೊಮ್ಮೆ ಕೊಯ್ಸೂದು ಹುಡುಗಾಟಿಕಿ ಅಲ್ಲ. ಅನ್ನ ಮೆತ್ತಗ ಕಲಿಸಿ ಉಂಡ್ರ ನಡೀತದ."

"ನನಗ ಕಾಳು ಕಚ್ಚಬೇಕ್ರಿ."

"ಅಯ್ಯ, ಕಾಳು ಬ್ಯಾರೆ ಯಾರರೆ ಕಚ್ಚತಾರ. ಹಸಿ ಒಣಾ ಅಳೆಯೂ ಮಷೀನ ಬರಾಕತ್ತಾವಂತ. ಇನ್ನ ನಾಕು ವರ್ಷಕ್ಕ ನಿನ್ನ ಹಲ್ಲು ಯಾರಿಗೆ..."

ಗುತ್ತೆಪ್ಪ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆಬಾಗಿ ನಮಸ್ಕರಿಸಿದ. ಬಾಗಿಲ ಹೊರಗೆ ಚಪ್ಪಲಿ ಮೆಟ್ಟಿದ. ಡಾಕ್ಟರು ಇನ್ನೂ ಮಾತಾಡುತ್ತಲೇ ಇದ್ದರು. ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ.