ನೀಲಿ ಬಾರದ ಮಧ್ಯಾಹ್ನ

2022ರಲ್ಲಿ, ನಿವೃತ್ತಿಗೆ ಮುಂಚಿನ ವರ್ಷ, ನಾನು ಅಡಿಲೇಡ್‌ನ ಒಂದು ಲೇಸರ್ ಲ್ಯಾಬ್‌ನಲ್ಲಿ ಸೀನಿಯರ್ ಸೈಂಟಿಸ್ಟ್ ಆಗಿದ್ದೆ. ಶಿವಮೊಗ್ಗದ ರೆಹಾನಾ ನನ್ನ ಪಿಎಚ್‌.ಡಿ. ವಿದ್ಯಾರ್ಥಿನಿ. ಅವಳಿಗೆ ನಾನು ಎಲ್ಲರೆದುರು ಮ್ಯಾಮ್, ನಾವಿಬ್ಬರೇ ಇದ್ದಾಗ ಆಂಟಿ.

ಗಾಜಿನ ಪುಟ್ಟ ಕೊಳವೆಯೊಂದರಲ್ಲಿ ರುಬಿಡಿಯಂ ಲೋಹದ ಆವಿ. ಅದನ್ನು ಸೆಲ್ ಎನ್ನುತ್ತೇವೆ. ಕಣ್ಣಿಗೆ ಕಾಣದ ಎರಡು ಲೇಸರ್ ಕಿರಣಗಳನ್ನು ಅದರೊಳಗೆ ಬಿಡುತ್ತಿದ್ದೆವು. ಬೆಳಕು ಮಂದವಿದ್ದರೆ ಏನೂ ವಿಶೇಷವಿಲ್ಲ. ತೀವ್ರವಾದರೆ ಮಾತ್ರ ಪರಮಾಣುಗಳು ಎರಡನ್ನೂ ನುಂಗಿ, ನಾವು ಕಳಿಸದೇ ಇದ್ದ ನೀಲಿ ಕಿರಣವೊಂದನ್ನು ಹೊರಬಿಡುತ್ತವೆ. ನಾನ್‌ಲೀನಿಯರ್ ಆಪ್ಟಿಕ್ಸ್ ಎಂದರೆ ಇಂಥದ್ದೇ. So beautiful, ಈಗಲೂ ಕನಸಿನಲ್ಲಿ ಬರುತ್ತದೆ.

ಅಂದು ಆ ನೀಲಿಯನ್ನು ನೋಡಲು ಬ್ರಿಸ್ಬೇನ್‌ನಿಂದ ಇಬ್ಬರು ಬಂದಿದ್ದರು. ಕಂಡರೆ ರೆಹಾನಾಗೆ ಅವರ ಲ್ಯಾಬ್‌ನಲ್ಲಿ ಕೆಲಸ. ಅವರು ಕ್ಯಾಂಟೀನ್‌ನಲ್ಲಿ ಕಾಫಿ ಕುಡಿಯುತ್ತಿದ್ದಾಗ ನಾವು, ಕಿರಣ ತಗುಲಿ ಕಣ್ಣು ಸುಡದಂತೆ ಗಾಗಲ್ಸ್ ಹಾಕಿಕೊಂಡು, ಲೇಸರ್ ಹಚ್ಚಿದೆವು. ನೀಲಿ ಬರಲಿಲ್ಲ.

"ಪವರ್ ಜಾಸ್ತಿ ಮಾಡ್ಲಾ ಆಂಟಿ?"

"ಸ್ವಲ್ಪ ತಡಿ."

"ಈ ಗಾಗಲ್ಸ್‌ನಿಂದ್ಲೇ ಕಾಣ್ತಿಲ್ವೇನೋ. ಒಂದ್ಸಲ ತೆಗೆದು ನೋಡ್ತೀನಿ." ಅವಳು ಸ್ಟೂಲ್ ಎಳೆದು ಕೂರುತ್ತಿದ್ದಳು.

ನನ್ನ ಕೈಯಲ್ಲಿ ಐಆರ್ ಕಾರ್ಡ್ ಇತ್ತು. ಕಾಣದ ಕಿರಣ ಬಿದ್ದಲ್ಲಿ ಅದು ಹೊಳೆಯುತ್ತದೆ. ಸೆಲ್‌ನ ಆಚೆ ಹಿಡಿದೆ. ಕತ್ತಲು. ಈಚೆ, ಸ್ಟೂಲ್ ಕಡೆಗೆ ತಿರುಗಿಸಿದೆ. ಅವಳ ಮುಖದ ಮಟ್ಟದಲ್ಲೇ ಕಾರ್ಡ್ ಝಗ್ಗೆಂದಿತು. ಅವಳ ಬೆರಳು ಆಗಲೇ ಗಾಗಲ್ಸ್ ಮೇಲಿತ್ತು.

"Hands down!" ನಮ್ಮ ಕಾನ್ವೆಂಟಿನ ಸಿಸ್ಟರ್ ದನಿ ನನ್ನ ಗಂಟಲಿನಿಂದ ಬಂತು. ಅವಳು ಕಲ್ಲಾದಳು. ನಾನು ಶಟರ್ ಎಳೆದು ಕಿರಣ ತಡೆದೆ.

ಟಾರ್ಚ್ ಹಾಕಿ ನೋಡಿದರೆ ಸೆಲ್‌ನ ಮುಂದಿನ ಗಾಜಿಗೆ ರುಬಿಡಿಯಂ ಅಂಟಿ ಬೆಳ್ಳಿಯ ಕನ್ನಡಿಯಾಗಿತ್ತು. ಕಿರಣ ಒಳಗೆ ಹೋಗದೆ ವಾಪಸ್ ಬರುತ್ತಿತ್ತು. ಆ ಗಾಜು ಸದಾ, ರಾತ್ರಿಯೂ, ಹೀಟರ್‌ನಿಂದ ಸೆಲ್‌ಗಿಂತ ಬಿಸಿಯಾಗಿರಬೇಕು. ತಣ್ಣಗಾದರೆ ಆವಿಯೆಲ್ಲ ಅಲ್ಲೇ ಕೂರುತ್ತದೆ.

"ನಿನ್ನೆ ಹೋಗುವಾಗ ಏನೇನು ಆಫ್ ಮಾಡಿದೆ?"

"ಗೋಡೆ ಸ್ವಿಚ್ ಎಲ್ಲಾ. ಒಂದು ಫ್ಯಾನ್ ಆಫ್ ಮಾಡ್ದೆ ಹೊರಟ್ರೂ ಅಮ್ಮ ಬಸ್‌ಸ್ಟ್ಯಾಂಡ್‌ವರೆಗೂ ಬೈತಿದ್ರು ಆಂಟಿ." ನಗಲು ಹೋಗಿ ಅತ್ತಳು. "ಈಗ ಬ್ರಿಸ್ಬೇನ್‌ನವರಿಗೆ ಏನ್ ಹೇಳೋದು?"

"ಇದ್ದದ್ದನ್ನೇ. ಕಾಯೋಕೆ ಹೇಳು."

ಅವಳೇ ಹೋಗಿ ಹೇಳಿ ಬಂದಳು. ಅವರು ಕಾದರು. ಗಾಜನ್ನು ನಿಧಾನವಾಗಿ ಕಾಯಿಸಿದಂತೆ ಬೆಳ್ಳಿ ಕರಗಿತು, ಸಂಜೆ ಹೊತ್ತಿಗೆ ನೂಲಿನಂಥ ನೀಲಿ ಹೊರಬಂತು.

ಬೆಳಕು ಕಾಣದಿದ್ದಾಗ ಇನ್ನಷ್ಟು ಬೆಳಕು ಸುರಿಯುವ ಮುನ್ನ, ಇರುವುದು ಎಲ್ಲಿಗೆ ಹೋಗುತ್ತಿದೆ ಎಂದು ನೋಡಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಈಗ ಪರ್ತ್‌ನ ವಿಲೆಟನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ರೆಹಾನಾ ಬ್ರಿಸ್ಬೇನ್‌ನಿಂದ ಫೋನ್ ಮಾಡುತ್ತಾಳೆ. ಕೆಲಸ ಸಿಕ್ಕಿದ್ದನ್ನು ಅವಳು ನೆನೆಯುತ್ತಾಳೆ. ನಾನು ನೆನೆಯುವುದು, ಆ ನೀಲಿಯನ್ನು ಅವಳು ಎರಡೂ ಕಣ್ಣುಗಳಿಂದ ನೋಡಿದ್ದನ್ನು.