ಜವಾರಿ ಹತ್ತಿಯ ಗಾದಿ

ಗಾದಿ ಕಾಕಾರ ಹುಬ್ಬಿನಲ್ಲಿ ಸದಾ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿರುತ್ತಿತ್ತು. ಮಾತಾಡುವಾಗ ಅದು ಹಾರಾಡುತ್ತಿತ್ತೇ ಹೊರತು ಬೀಳುತ್ತಿರಲಿಲ್ಲ. ಬೆಟಗೇರಿಯ ನಮ್ಮ ಓಣಿಯ ಗಾದಿಗಳನ್ನೆಲ್ಲ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುತ್ತಿದ್ದವರು ಅವರೇ.

ಅವರು ತುಂಬುತ್ತಿದ್ದುದು ಜವಾರಿ ಹತ್ತಿ, ಅದೂ ಎಣ್ಣಿ ಹೊಡೆಯದ್ದು. ಎಣ್ಣಿ ಎಂದರೆ ನಮ್ಮ ಕಡೆ ಕೀಟನಾಶಕ. ಎಲ್ಲದರಲ್ಲೂ ಮೂಗು ತೂರಿಸುವುದು ನನ್ನ ಚಾಳಿ. ಹತ್ತಿ ಕೈಯಲ್ಲಿ ಹಿಡಿದರೆ ಎಣ್ಣಿ ಹೊಡೆದಿಲ್ಲವೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದ್ದೆ.

"ತಿಳಿಯಂಗಿಲ್ಲವ್ವ. ತಿಳೀತೈತಿ ಅನ್ನಾಂವ ಸುಳ್ಳ ಹೇಳ್ತಾನ. ಅದಕ್ಕ ಹೂ ಬಿಡೂ ಹೊತ್ತಿಗೆ ಹೊಲಕ್ಕ ಹೋಗ್ತೀನಿ. ಹೂವಿನಾಗ ಜೇನಹುಳ ಅದಾವೋ ಇಲ್ಲೋ ನೋಡ್ತೀನಿ. ತಾಸಗಟ್ಲೆ ಮೂಗ ಹಚ್ಚಿ ಮಲಗೂ ವಸ್ತುವ್ವ ಇದು."

ಅಸುಂಡಿಯ ಅಂಥದೊಂದು ಹೊಲಕ್ಕೆ ಒಮ್ಮೆ ನನ್ನನ್ನೂ ಕರೆದೊಯ್ದಿದ್ದರು. ನಾನು ಜೇನುಹುಳ ಎಣಿಸುತ್ತ ನಿಂತೆ. ಅವರು ರೈತನ ಜೊತೆ ಚಹಾ ಕುಡಿಯುತ್ತ ಕೂತರು.

ಜವಾರಿ ಹತ್ತಿಯ ಎಳೆ ಗಿಡ್ಡ, ಒರಟು. ಮೈಭಾರ ಬಿದ್ದಲ್ಲಿ ತಗ್ಗುತ್ತದೆ, ಹಿಂಜಿದರೆ ಮತ್ತೆ ಏಳುತ್ತದೆ. ಅವ್ವನ ಗಾದಿಯ ಹತ್ತಿ ನನಗಿಂತ ಹಿರಿಯದು. ಎರಡು ವರ್ಷದ ಹಿಂದೆ ಅದನ್ನು ಹಿಂಜಲು ಬಂದ ಕಾಕಾ, ಹೊಲಿಗೆ ಬಿಚ್ಚದೆ ಬಹಳ ಹೊತ್ತು ಅಂಗೈಯಿಂದ ಒತ್ತುತ್ತ ಕೂತರು. ಆಮೇಲೆ ನನ್ನನ್ನು ಕರೆದರು.

"ಅಕ್ಕಾರು ಎಲ್ಲಿ ಮಲಗ್ತಾರವ್ವ?"

"ಇದರ ಮ್ಯಾಲ ರೀ, ಕಾಕಾ."

"ಇಲ್ಲ. ನಡುವ ನಾ ಹ್ವಾದ ವರ್ಷ ತುಂಬಿದಂಗ ಐತಿ. ಈ ಅಂಚು ನೋಡು, ಕಲ್ಲಾಗೈತಿ. ಅವರು ಮಲಗಂಗಿಲ್ಲ, ಕುಂಡ್ರತಾರ."

ಅವ್ವನಿಗೆ ಸಿಟ್ಟು ಬಂತು. "ಗಾದಿ ಹಿಂಜಾಕ ಬಂದೀರೋ, ಫೌಜದಾರಕಿ ಮಾಡಾಕ ಬಂದೀರೋ?"

ಕಾಕಾ ನಗಲಿಲ್ಲ. "ನಮ್ಮ ಮನಿಯಾಕಿನೂ ಹಿಂಗ ಕುಂಡ್ರತಿದ್ಲರಿ ಅಕ್ಕಾರ, ಮಲಗಿದ್ರ ದಮ್ಮ ಹತ್ತತೈತಂತ. ಊರ ಗಾದಿಯೆಲ್ಲ ಹಿಂಜಿದೆ, ನನ್ನ ಮನಿ ಗಾದಿ ಮುಟ್ಟಿ ನೋಡಲಿಲ್ಲ, ಆಕಿ ಹೋದಳು. ನೀವು ದವಾಖಾನಿಗೆ ಹೋಗಿ ಬರೂತನಕಾ ಇದರ ಹೊಲಿಗಿ ಬಿಚ್ಚಂಗಿಲ್ಲ."

ಅವ್ವ ದವಾಖಾನೆಗೆ ಹೊರಡಲು ಒಪ್ಪಿದಳು. ಮರುದಿನ ಗದಗಿನ ಡಾಕ್ಟರು, ಹೃದಯ ಸೋತಿದೆ, ಪುಪ್ಪುಸದಲ್ಲಿ ನೀರು ತುಂಬಿದೆ, ಇನ್ನೊಂದು ವಾರ ತಡೆದಿದ್ದರೆ ಕಷ್ಟವಿತ್ತು ಎಂದರು. ಪಕ್ಕದ ಕೋಣೆಯಲ್ಲೇ ಮಲಗುವ ನಾನು ತಲೆ ತಗ್ಗಿಸಿ ಕೂತಿದ್ದೆ. ಊರವರ ಸಂಗತಿಯೆಲ್ಲ ಕೆದಕಿ ಕೇಳುವವಳು, ನಿದ್ದೆ ಬಂತೇನವ್ವ ಎಂದು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ.

ಕಾಕಾ ಹೋದ ಚಳಿಗಾಲದಲ್ಲಿ ತೀರಿಕೊಂಡರು. ನಾನಿದನ್ನು ಬರೆಯುತ್ತಿರುವಾಗ ಅವ್ವ ಆ ಗಾದಿಯ ನಟ್ಟನಡುವೆ ಅಂಗಾತ ಮಲಗಿ ಜೋರಾಗಿ ಗೊರಕೆ ಹೊಡೆಯುತ್ತಿದ್ದಾಳೆ. ಒಂದು ಸಾಲೂ ಸರಿಯಾಗಿ ಬರೆಯಲಾಗುತ್ತಿಲ್ಲ. ಎಬ್ಬಿಸುವ ಮನಸ್ಸೂ ಇಲ್ಲ.